ಅಪ್ಪನ ಕೈಲಿ ಜಿಪಿಎ ಮಾಡಿಸ್ಕೊಂಡ್ರೆ ವಿಲ್ ಬೇಡ್ವಾ?

ಪ್ರಶ್ನೆ: ಸರ್, ನಮ್ಮ ತಂದೆಗೆ 78 ವರ್ಷ, ರಿಟೈರ್ಡ್ ಹೈಸ್ಕೂಲ್ ಹೆಡ್‌ಮಾಸ್ಟರ್, ಶಿವಮೊಗ್ಗದಲ್ಲಿ ಸ್ವಂತ ಮನೇಲಿದ್ದಾರೆ. ಅಮ್ಮ ತೀರ್ಕೊಂಡು ನಾಲ್ಕು ವರ್ಷ ಆಯ್ತು. ಹೋದ ವರ್ಷದಿಂದ ಅಪ್ಪನಿಗೆ ಮರೆವು, ಡಾಕ್ಟರ್ ನೋಡಿ ಡಿಮೆನ್ಷಿಯಾದ ಮೊದಲ ಹಂತ ಅಂದ್ರು. ಬೆಳಗ್ಗೆ ಪೇಪರ್ ಓದಿ ರಾಜಕೀಯ ಎಲ್ಲಾ ಮಾತಾಡ್ತಾರೆ, ಸಂಜೆ ಆದ್ರೆ ಗೊಂದಲ, ಅಮ್ಮ ಎಲ್ಲಿ ಅಂತ ಕೇಳ್ತಾರೆ. ನಾವು ಮೂರು ಜನ ಮಕ್ಕಳು. ಅಣ್ಣ ಟೆಕ್ಸಾಸ್‌ನಲ್ಲಿ, ನಾನು ಬೆಂಗಳೂರು, ತಂಗಿ ಹುಬ್ಬಳ್ಳಿ. ಆಸ್ತಿ ಅಂದ್ರೆ ಅಪ್ಪ ಕಟ್ಟಿಸಿದ ಮನೆ, ತೀರ್ಥಹಳ್ಳಿ ಹತ್ರ ಅಜ್ಜನ ಕಾಲದ ಎರಡೆಕರೆ ಅಡಿಕೆ ತೋಟ, ಬ್ಯಾಂಕಲ್ಲಿ ಎಫ್‌ಡಿ, ಮತ್ತೆ 1994ರಲ್ಲಿ ಬೆಂಗಳೂರಲ್ಲಿ ತಗೊಂಡ ಒಂದು ಸೈಟು, ಅದಕ್ಕೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮತ್ತು ಅಗ್ರಿಮೆಂಟ್ ಇದೆ. ಅಣ್ಣ 'ಡ್ಯೂರಬಲ್ ಪವರ್ ಆಫ್ ಅಟಾರ್ನಿ ಮಾಡಿಸ್ಕೊ, ಅಷ್ಟು ಸಾಕು' ಅಂತಾನೆ. ಊರಲ್ಲಿ ಪತ್ರ ಬರೆಯೋರು 'ಇರ್ರಿವೋಕಬಲ್ (ರದ್ದು ಮಾಡೋಕಾಗದ್ದು) ಅಂತ ಬರೆದುಬಿಟ್ರೆ ಯಜಮಾನ್ರು ಹೋದ್ಮೇಲೂ ನಡಿಯುತ್ತೆ, ವಿಲ್ ಎಲ್ಲಾ ಯಾಕೆ' ಅಂದ್ರು. ತಂಗಿ ಗಂಡ ಗಿಫ್ಟ್ ಡೀಡ್ ಮಾಡಿಸಿಬಿಡಿ ಅಂತಾರೆ. ಅಪ್ಪನ ಮುಂದೆ ವಿಲ್ ಅನ್ನೋ ಮಾತೆತ್ತೋಕೆ ನಂಗೆ ಬಾಯೇ ಬರ್ತಿಲ್ಲ. ಏನು ಮಾಡ್ಲಿ?

ಉತ್ತರ: ಮೇಡಂ, ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮ ಭಯ ಎರಡು ಥರದ್ದು ಅನ್ಸುತ್ತೆ, ಅಪ್ಪನಿಗೆ ಮರೆವು ಜಾಸ್ತಿ ಆದ್ರೆ ಅವರ ಖರ್ಚು, ಔಷಧಿ, ಬ್ಯಾಂಕು ಇದನ್ನೆಲ್ಲ ಯಾರು ಹೇಗೆ ನಡೆಸೋದು ಅನ್ನೋದು ಒಂದು, ಅವರು ಹೋದ್ಮೇಲೆ ಮೂರು ಜನದ ಮಧ್ಯೆ ಆಸ್ತಿಗೆ ಜಗಳ ಆಗ್ಬಾರ್ದು ಅನ್ನೋದು ಇನ್ನೊಂದು. ಇವೆರಡಕ್ಕೂ ಒಂದೇ ಕಾಗದದಲ್ಲಿ ಪರಿಹಾರ ಸಿಗುತ್ತೆ ಅಂತ ನಿಮಗೆ ಎಲ್ಲರೂ ಹೇಳ್ತಿದ್ದಾರೆ, ಆದ್ರೆ ಹಂಗೆ ಸಿಗಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಸಿವಿಲ್ ಕೇಸುಗಳನ್ನೇ ನಡೆಸ್ಕೊಂಡು ಬಂದಿದೀನಿ, ನನ್ನ ಹತ್ರ ಬರೋ ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಜಗಳಗಳಲ್ಲಿ ಎಷ್ಟೋ ಈ ಒಂದು ತಪ್ಪು ತಿಳುವಳಿಕೆಯಿಂದಾನೇ ಶುರುವಾಗಿರ್ತವೆ.

ಮೊದಲು ಜಿಪಿಎ ಅಂದ್ರೆ ಏನು ಅಂತ ನೋಡೋಣ. ನಿಮ್ಮ ತಂದೆಯವರು 'ನನ್ನ ಪರವಾಗಿ ಈ ಈ ಕೆಲಸ ಮಾಡು' ಅಂತ ನಿಮಗೆ ಕೊಡೋ ಅಧಿಕಾರ, ಅಷ್ಟೆ. ಆಸ್ತಿ ಅವರದ್ದೇ ಇರುತ್ತೆ, ದುಡ್ಡು ಅವರದ್ದೇ, ನೀವು ಹಾಕೋ ಸೈನ್ ಕೂಡ ಅವರದ್ದೇ ಲೆಕ್ಕ. ಹಂಗಾಗಿ ಅವರಿಗೆ ಸೈನ್ ಹಾಕೋ ಶಕ್ತಿ ಎಲ್ಲೀವರೆಗೆ ಇರುತ್ತೋ ನಿಮಗೂ ಅಲ್ಲೀವರೆಗೆ ಮಾತ್ರ. 1872ರ ಇಂಡಿಯನ್ ಕಾಂಟ್ರಾಕ್ಟ್ ಆ್ಯಕ್ಟಿನ 201ನೇ ಸೆಕ್ಷನ್ ಇದನ್ನೇ ಹೇಳೋದು, ಅಧಿಕಾರ ಕೊಟ್ಟವರಾಗ್ಲಿ ತಗೊಂಡವರಾಗ್ಲಿ ತೀರಿಹೋದ್ರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದ್ರೆ ಆ ಅಧಿಕಾರ ಅಲ್ಲಿಗೆ ಮುಗೀತು. ತೀರಿಹೋದ್ಮೇಲೆ ನಡಿಯಲ್ಲ ಅನ್ನೋದು ತುಂಬಾ ಜನಕ್ಕೆ ಗೊತ್ತು. ಬುದ್ಧಿ ಸ್ವಾಧೀನ ತಪ್ಪಿದ್ರೂ ನಡಿಯಲ್ಲ ಅನ್ನೋದು ಮಾತ್ರ ಗೊತ್ತೇ ಇರಲ್ಲ, ನಿಮ್ಮ ಮನೆಗೆ ಬೇಕಾಗಿರೋದು ಇದೇ ಮಾತು.

ನಿಮ್ಮ ಅಣ್ಣ ಹೇಳಿದ್ದು ಸುಳ್ಳಲ್ಲ, ಅವರಿರೋ ದೇಶಕ್ಕೆ ಅದು ಸರಿ. ಅಮೆರಿಕದಲ್ಲಿ ಡ್ಯೂರಬಲ್ ಪವರ್ ಆಫ್ ಅಟಾರ್ನಿ ಅಂತ ಇದೆ, ಇಂಗ್ಲೆಂಡಲ್ಲಿ 2005ರ ಕಾಯ್ದೆಯಿಂದ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಬಂತು, ಅಲ್ಲೆಲ್ಲ ಬರೆದುಕೊಟ್ಟವರ ಬುದ್ಧಿ ಹೋದ್ಮೇಲೂ ಆ ಅಧಿಕಾರ ಉಳಿಯುತ್ತೆ, ಅದಕ್ಕೇ ಅಂತಾನೇ ಮಾಡಿರೋ ವ್ಯವಸ್ಥೆ ಅದು. ನಮ್ಮಲ್ಲಿ ಆ ಥರದ ಕಾನೂನು ಇಲ್ಲ. 'ನನಗೆ ಬುದ್ಧಿಭ್ರಮಣೆ ಆದರೂ ಈ ಅಧಿಕಾರ ಮುಂದುವರಿಯತಕ್ಕದ್ದು' ಅಂತ ಒಂದು ಸಾಲು ಜಿಪಿಎಗೆ ಸೇರಿಸಿಬಿಟ್ರೆ ಸಾಕು ಅಂತ ಇಂಟರ್ನೆಟ್‌ನಿಂದ ಕಾಪಿ ಮಾಡ್ಕೊಂಡು ಬರ್ತಾರೆ, ಆ ಸಾಲು 201ನೇ ಸೆಕ್ಷನ್ನನ್ನ ಅಳಿಸಿಹಾಕಲ್ಲ.

ಇನ್ನು ಇರ್ರಿವೋಕಬಲ್ ವಿಷಯ. ಈ ಮಾತು ಬರೋದು 202ನೇ ಸೆಕ್ಷನ್ನಿಂದ. ಅಧಿಕಾರ ತಗೊಂಡವನಿಗೇ ಆ ಆಸ್ತಿಯಲ್ಲಿ ಸ್ವಂತ ಹಿತಾಸಕ್ತಿ ಇದ್ರೆ ಅದನ್ನ ರದ್ದು ಮಾಡೋಕಾಗಲ್ಲ, ಸಾವಿನಿಂದಲೂ ಮುಗಿಯಲ್ಲ ಅಂತ ಅದರ ಅರ್ಥ. ಹಂಗಂತ ಪೇಪರ್ ಮೇಲೆ ದಪ್ಪ ಅಕ್ಷರದಲ್ಲಿ ಇರ್ರಿವೋಕಬಲ್ ಅಂತ ಟೈಪ್ ಮಾಡಿಸಿದ ಮಾತ್ರಕ್ಕೆ ಹಿತಾಸಕ್ತಿ ಹುಟ್ಟಲ್ಲ. ಮುಂದೆ ಆಸ್ತಿ ನಂಗೆ ಬರುತ್ತೆ ಅನ್ನೋ ನಿರೀಕ್ಷೆಯೂ ಈ ಸೆಕ್ಷನ್ ಹೇಳೋ ಹಿತಾಸಕ್ತಿ ಅಲ್ಲ.

ಇದಕ್ಕೆ ನಮ್ಮ ಬೆಂಗಳೂರಿನದ್ದೇ ಒಂದು ಕೇಸಿದೆ, ಎಲ್ಲರೂ ತಿಳ್ಕೊಳ್ಳಬೇಕಾದ್ದು. ಚುಂಚಘಟ್ಟದಲ್ಲಿ ಒಂದು ಜಾಗ. 1986ರ ಏಪ್ರಿಲ್‌ನಲ್ಲಿ ಓನರ್ ಒಬ್ಬ ಹೆಣ್ಣುಮಗಳಿಗೆ ಇರ್ರಿವೋಕಬಲ್ ಜಿಪಿಎ ಮತ್ತೆ ರಿಜಿಸ್ಟರ್ ಆಗದ ಕ್ರಯದ ಕರಾರು ಬರೆದುಕೊಟ್ರು, ಪೂರ್ತಿ ದುಡ್ಡು 10,250 ರೂಪಾಯಿನೂ ತಗೊಂಡ್ರು. 1997ರ ಜನವರಿಯಲ್ಲಿ ಓನರ್ ತೀರ್ಕೊಂಡ್ರು. ಮಾರನೇ ವರ್ಷ, 1998ರ ಏಪ್ರಿಲ್‌ನಲ್ಲಿ, ಆಯಮ್ಮ ಅದೇ ಜಿಪಿಎ ಹಿಡ್ಕೊಂಡು ತನ್ನ ಮಗನ ಹೆಸರಿಗೇ ರಿಜಿಸ್ಟರ್ಡ್ ಕ್ರಯಪತ್ರ ಮಾಡಿಕೊಟ್ರು. ಇತ್ತ ಓನರ್ ವಾರಸುದಾರರು 2003ರಲ್ಲಿ ಅದೇ ಜಾಗ ಬೇರೆಯವರಿಗೆ ಮಾರಿದ್ರು. ಕೇಸು ಕೆಳಗಿನ ಕೋರ್ಟು, ಹೈಕೋರ್ಟು ಎಲ್ಲಾ ದಾಟಿ ಸುಪ್ರೀಂ ಕೋರ್ಟಿಗೆ ಹೋಗಿ 2025ರ ಫೆಬ್ರವರಿ 27ಕ್ಕೆ ತೀರ್ಪಾಯ್ತು. ಓನರ್ ಸತ್ತ ದಿನವೇ ಜಿಪಿಎ ಮುಗೀತು, ಇರ್ರಿವೋಕಬಲ್ ಅಂತ ಬರೆದಿದ್ರೂ ಅದು ಬರೀ ಮಾಮೂಲಿ ಜಿಪಿಎ, ಆಮೇಲೆ ಮಗನಿಗೆ ಮಾಡಿದ ಕ್ರಯ ನಿಲ್ಲಲ್ಲ ಅಂತ ಹೇಳಿದ್ರು. ದುಡ್ಡು ಪೂರ್ತಿ ಕೊಟ್ಟವರ ಗತಿಯೇ ಹಿಂಗಾದ್ರೆ, ಬರೀ ಮಗಳು ಅನ್ನೋ ಕಾರಣಕ್ಕೆ ಪವರ್ ತಗೊಂಡಿರೋ ನಿಮಗೆ ಆ ಪದ ಏನು ಕಾಪಾಡುತ್ತೆ ಹೇಳಿ.

ಇಲ್ಲಿ ನಿಮ್ಮ 1994ರ ಸೈಟಿನ ಮಾತು ಬರುತ್ತೆ. ನೀವದನ್ನ ಹಂಗೇ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನಂಗೆ ಪತ್ರದಲ್ಲಿ ಎಲ್ಲಕ್ಕಿಂತ ಚಿಂತೆ ತಂದಿದ್ದು ಅದೇ. ಆ ಕಾಲದಲ್ಲಿ ಬೆಂಗಳೂರಲ್ಲಿ ಎಷ್ಟೋ ಸೈಟು ಹಂಗೇ ಮಾರಾಟ ಆದವು, ಜಿಪಿಎ ಜೊತೆ ಅಗ್ರಿಮೆಂಟು, ಕೆಲವೊಮ್ಮೆ ಒಂದು ವಿಲ್ಲೂ ಸೇರಿಸಿ. 2011ರ ಅಕ್ಟೋಬರ್‌ನಲ್ಲಿ ಸೂರಜ್ ಲ್ಯಾಂಪ್ ಕೇಸಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿಬಿಡ್ತು, ಇದ್ಯಾವುದರಿಂದಲೂ ಮಾಲೀಕತ್ವ ಬರಲ್ಲ, ರಿಜಿಸ್ಟರ್ಡ್ ಕ್ರಯಪತ್ರ ಒಂದರಿಂದಲೇ ಬರೋದು. ಅಂದ್ರೆ ನಿಮ್ಮ ತಂದೆಯವರು ಆ ಸೈಟಿಗೆ ಇವತ್ತಿಗೂ ಪೂರ್ತಿ ಓನರ್ ಅಲ್ಲ. ಅವರ ಕೈಲಿರೋದು ಕರಾರಿನ ಹಕ್ಕು, ಸ್ವಾಧೀನ ಇದ್ರೆ ಅದಕ್ಕೊಂದಿಷ್ಟು ರಕ್ಷಣೆ, ಅಷ್ಟೆ. ಇಲ್ಲಿ ನಿಮ್ಮ ತಂದೆಯವರೇ ಜಿಪಿಎ ತಗೊಂಡವರು ಅನ್ನೋದನ್ನೂ ಗಮನಿಸಿ, ಮಾರಿದವರು ಹೋದ್ರೂ ಅದು ಮುಗಿಯುತ್ತೆ, ನಿಮ್ಮ ತಂದೆಯವರ ನೆನಪು ಪೂರ್ತಿ ಹೋದ್ರೂ ಮುಗಿಯುತ್ತೆ. ಅದಕ್ಕೇ ಈ ವಾರವೇ ಒರಿಜಿನಲ್ ಕಾಗದ ಹುಡುಕಿ, ಮಾರಿದವರು ಬದುಕಿದ್ದಾರಾ ಅಂತ ವಿಚಾರಿಸಿ. ಇದ್ರೆ ಅವರಿಂದ ನೇರವಾಗಿ ನಿಮ್ಮ ತಂದೆಯವರ ಹೆಸರಿಗೆ ಕ್ರಯಪತ್ರ ಮಾಡಿಸ್ಕೊಳ್ಳಿ, ಇವತ್ತಿನ ಗೈಡೆನ್ಸ್ ವ್ಯಾಲ್ಯೂ, ಅಂದ್ರೆ ಸರ್ಕಾರ ಗೊತ್ತು ಮಾಡಿರೋ ಬೆಲೆ ಮೇಲೆ ಸ್ಟ್ಯಾಂಪ್ ಡ್ಯೂಟಿ ಬೀಳುತ್ತೆ, ಅವರೂ ಒಂದಿಷ್ಟು ದುಡ್ಡು ಕೇಳಬಹುದು, ಈಗ ಇ-ಖಾತೆ ಇಲ್ದೆ ರಿಜಿಸ್ಟ್ರೇಷನ್ ಆಗಲ್ಲ, ಅದಕ್ಕೂ ಓಡಾಟ ಇದೆ. ಆದ್ರೂ ಅವರ ಮಕ್ಕಳು ಮೊಮ್ಮಕ್ಕಳು ಆರೇಳು ಜನರ ಸೈನಿಗೆ ಅಲೆಯೋದಕ್ಕಿಂತ ಇದು ಎಷ್ಟೋ ಸುಲಭ. ಅವರು ಆಗಲೇ ಹೋಗಿದ್ರೆ ವಾರಸುದಾರರ ಹತ್ರಾನೇ ಹೋಗ್ಬೇಕು, ಒಪ್ಪಲ್ಲ ಅಂದ್ರೆ ಕಾಗದ ಎಲ್ಲಾ ತಗೊಂಡು ವಕೀಲರನ್ನ ನೋಡಿ, ಯಾಕಂದ್ರೆ ಕೋರ್ಟಿಗೆ ಹೋಗೋಕೆ ಕಾಲಮಿತಿ ಇದೆ.

ಈಗ ನಿಮ್ಮ ತಂದೆಯವರ ಸ್ಥಿತಿ. ಡಿಮೆನ್ಷಿಯಾ ಅಂತ ಡಾಕ್ಟರ್ ಬರೆದುಕೊಟ್ಟ ದಿನವೇ ಅವರು ಯಾವ ಕಾಗದಕ್ಕೂ ಸೈನ್ ಹಾಕೋ ಹಂಗಿಲ್ಲ ಅಂತ ಕೆಲವರು ಹೆದರಿಸ್ತಾರೆ, ಅದೂ ತಪ್ಪು. ಕಾನೂನು ಕೇಳೋದು ಕಾಯಿಲೆ ಹೆಸರಲ್ಲ, ಸೈನ್ ಹಾಕೋ ಹೊತ್ತಲ್ಲಿ ಅವರಿಗೆ ವಿಷಯ ಅರ್ಥ ಆಗ್ತಿತ್ತಾ ಅನ್ನೋದನ್ನ. ಬಹುತೇಕ ಸಮಯ ಬುದ್ಧಿ ಸ್ಥಿಮಿತದಲ್ಲಿ ಇಲ್ಲದವರು ಕೂಡ ಸ್ಥಿಮಿತದಲ್ಲಿದ್ದಾಗ ವಿಲ್ ಬರೀಬಹುದು ಅಂತ 1925ರ ಇಂಡಿಯನ್ ಸಕ್ಸೆಷನ್ ಆ್ಯಕ್ಟ್ 59ನೇ ಸೆಕ್ಷನ್ನಲ್ಲಿ ಇದೆ, ಕರಾರಿಗೂ ಅದೇ ನಿಯಮ.

ನಾನು ಏನು ಮಾಡ್ತೀನಿ ಅಂದ್ರೆ, ವಯಸ್ಸಾದವರನ್ನ ಕರ್ಕೊಂಡು ಬಂದ್ರೆ ಮಕ್ಕಳನ್ನ ಅರ್ಧ ಗಂಟೆ ಹೊರಗೆ ಕೂರಿಸ್ತೀನಿ. ಒಂದು ಸಲ ಒಬ್ಬರು ಯಜಮಾನ್ರು ಬಂದಿದ್ರು, ಎಂಬತ್ತರ ಮೇಲೆ. ಬೆಳಗ್ಗೆ ತಿಂಡಿ ಏನು ತಿಂದ್ರಿ ಅಂದ್ರೆ ಯೋಚಿಸ್ತಾನೇ ಕೂತ್ರು, ನೆನಪಾಗ್ಲಿಲ್ಲ. ಜಮೀನಿನ ಚಕ್ಕುಬಂದಿ ಹೇಳಿ ಅಂದೆ. ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ದಾರಿ, ದಕ್ಷಿಣಕ್ಕೆ ದಾಯಾದಿಯ ತೋಟ, ಬೇಲಿ ಪಕ್ಕದ ಹಲಸಿನ ಮರ ಯಾರದ್ದು ಅನ್ನೋದನ್ನೂ ಬಿಡ್ದೆ ಹೇಳಿದ್ರು. ಚಿಕ್ಕ ಮಗಳಿಗೆ ಸ್ವಲ್ಪ ಜಾಸ್ತಿ ಯಾಕೆ ಬರೀತಿದೀರಿ ಅಂದೆ, 'ಗಂಡ ಇಲ್ಲ ಸ್ವಾಮಿ ಅವಳಿಗೆ, ಒಬ್ಬಳೇ ಎರಡು ಮಕ್ಕಳನ್ನ ಸಾಕ್ಬೇಕು' ಅಂದ್ರು. ಅವರ ಕೈಲಿ ವಿಲ್ ಮಾಡಿಸೋಕೆ ನಂಗೆ ಏನೂ ಅಳುಕಾಗ್ಲಿಲ್ಲ. ನನ್ನ ಆಸ್ತಿ ಏನು, ನನ್ನ ಮಕ್ಕಳು ಯಾರು, ಈ ಕಾಗದದಿಂದ ಯಾರಿಗೆ ಏನು ಹೋಗುತ್ತೆ, ಇಷ್ಟು ಗೊತ್ತಿದ್ರೆ ಸಾಕು.

ಇದಕ್ಕೆ ತದ್ವಿರುದ್ಧವಾದದ್ದನ್ನೂ ನೋಡಿದೀನಿ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಒಬ್ಬ ಅಜ್ಜಿಯನ್ನ ವೀಲ್‌ಚೇರಲ್ಲಿ ಕೂರಿಸಿ ಬೆರಳು ಒತ್ತಿಸೋಕೆ ತಂದಿದ್ರು. ಸಬ್ ರಿಜಿಸ್ಟ್ರಾರ್ 'ಅಜ್ಜಿ, ಏನು ಬರ್ಕೊಡ್ತಾ ಇದೀರಿ?' ಅಂತ ಕೇಳಿದ್ರು. 'ಪಿಂಚಣಿದು ಅಂತಲ್ಲ' ಅಂದ್ರು ಪಾಪ. ಅದು ಮನೆ ಮಾರೋ ಅಧಿಕಾರದ ಜಿಪಿಎ. ಅವರು ರಿಜಿಸ್ಟರ್ ಮಾಡ್ಲಿಲ್ಲ, ಸರಿಯಾಗೇ ಮಾಡಿದ್ರು.

ಹಂಗಾಗಿ ನಿಮ್ಮ ಕೈಲಿ ಈಗ ಸಮಯ ಇದೆ, ಎಷ್ಟು ತಿಂಗಳು ಅಂತ ಯಾರಿಗೂ ಹೇಳೋಕಾಗಲ್ಲ.

ವಿಲ್ ಮೊದಲು. ವಿಲ್ಲಿಗೆ ಸ್ಟ್ಯಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು, ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ. ಆದ್ರೆ ನಿಮ್ಮ ಕೇಸಲ್ಲಿ ಮರೆವಿನ ರಿಪೋರ್ಟ್ ಇರೋದ್ರಿಂದ ರಿಜಿಸ್ಟರ್ ಮಾಡಿಸಿ ಅಂತಾನೇ ನಾನು ಹೇಳೋದು. ಇಬ್ಬರು ಸಾಕ್ಷಿಗಳ ಎದುರು ಸೈನ್ ಆಗ್ಬೇಕು, ಅವರೂ ಸೈನ್ ಹಾಕ್ಬೇಕು, ಮುಂದೆ ತಕರಾರು ಬಂದ್ರೆ ಕನಿಷ್ಠ ಒಬ್ಬ ಸಾಕ್ಷಿ ಕೋರ್ಟಿಗೆ ಬಂದು ಹೇಳ್ಬೇಕಾಗುತ್ತೆ, ಅದಕ್ಕೆ ಅಪ್ಪನಿಗಿಂತ ಚಿಕ್ಕ ವಯಸ್ಸಿನ, ಊರಲ್ಲೇ ಸಿಗೋ ಜನ ನೋಡ್ಕೊಳ್ಳಿ, ಅವರ ಹಳೇ ಶಿಷ್ಯರು ಯಾರಾದ್ರೂ ಇರ್ತಾರಲ್ಲ. ಆಸ್ತಿ ಸಿಗೋರು ಯಾರೂ ಸಾಕ್ಷಿ ಹಾಕೋದು ಬೇಡ. ನೋಡ್ತಿರೋ ಡಾಕ್ಟರ್ ಹತ್ರ ಅದೇ ದಿನದ ತಾರೀಖಲ್ಲಿ, 'ಇವರನ್ನ ಪರೀಕ್ಷಿಸಿದೆ, ವಿಷಯ ಅರ್ಥ ಮಾಡಿಕೊಂಡು ತೀರ್ಮಾನ ತಗೊಳ್ಳೋ ಸ್ಥಿತಿಯಲ್ಲಿದ್ದಾರೆ' ಅಂತ ಸರ್ಟಿಫಿಕೇಟ್ ತಗೊಳ್ಳಿ. ಡಾಕ್ಟರೇ ಒಬ್ಬ ಸಾಕ್ಷಿ ಆಗೋಕೆ ಒಪ್ಪಿದ್ರೆ ಇನ್ನೂ ಒಳ್ಳೇದು.

ತೋಟದ ವಿಷಯದಲ್ಲಿ ಒಂದು ಎಚ್ಚರಿಕೆ. ಅಜ್ಜನ ಕಾಲದ್ದು ಅಂದ ತಕ್ಷಣ ಪಿತ್ರಾರ್ಜಿತ ಅಂತಲೂ ಅಲ್ಲ, ಅಪ್ಪನಿಗೆ ಅದು ಹೇಗೆ ಬಂತು ಅನ್ನೋದರ ಮೇಲೆ ಹೋಗುತ್ತೆ. ಒಟ್ಟು ಕುಟುಂಬದ ಪಿತ್ರಾರ್ಜಿತ ಆಸ್ತಿ ಆಗಿದ್ರೆ 2005ರ ತಿದ್ದುಪಡಿ ಪ್ರಕಾರ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು, ಆಗ ಅಪ್ಪ, ನೀವು ಮೂರು ಜನ ಸೇರಿ ನಾಲ್ಕು ಪಾಲು, ಅಪ್ಪ ತಮ್ಮ ಒಂದು ಪಾಲನ್ನ ಮಾತ್ರ ವಿಲ್‌ನಲ್ಲಿ ಬರೀಬಹುದು. ಅಜ್ಜ ತೀರ್ಕೊಂಡಾಗ ಅವರ ಸ್ವಂತ ಆಸ್ತಿಯಾಗಿದ್ದು ವಾರಸಾಗಿ ಬಂದಿದ್ರೆ ಲೆಕ್ಕ ಬೇರೆ. ಹಳೇ ಪಹಣಿ, ಮ್ಯುಟೇಷನ್, ವಿಭಾಗಪತ್ರ ಇದ್ರೆ ಅದು, ಇಷ್ಟನ್ನ ತಂದು ತೋರಿಸದೆ ಯಾರೂ ಖಚಿತವಾಗಿ ಹೇಳೋಕಾಗಲ್ಲ. ಸೈಟಿಗೆ ಅಷ್ಟರಲ್ಲಿ ಕ್ರಯಪತ್ರ ಆಗಿಲ್ಲ ಅಂದ್ರೂ 'ಆ ಸೈಟಿನಲ್ಲಿ ನನಗಿರುವ ಎಲ್ಲಾ ಹಕ್ಕು' ಅಂತ ವಿಲ್‌ನಲ್ಲಿ ಸೇರಿಸಿ.

ಜಿಪಿಎ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ, ಖಂಡಿತ ಮಾಡಿಸಿ, ಅದರ ಕೆಲಸ ಅದಕ್ಕೆ ಕೊಡಿ. ಮನೆ ಕಂದಾಯ ಕಟ್ಟೋದು, ತೋಟದ ಫಸಲು ಮಾರಿ ದುಡ್ಡು ಅಪ್ಪನ ಅಕೌಂಟಿಗೆ ಹಾಕೋದು, ಖಾತೆ ಕೆಲಸಕ್ಕೆ ಓಡಾಡೋದು, ಸೈಟಿನ ಕ್ರಯಪತ್ರಕ್ಕೆ ಅಪ್ಪನ ಪರವಾಗಿ ಹಾಜರಾಗೋದು, ಇವಿಷ್ಟನ್ನ ಹೆಸರು ಹೇಳಿ ಬರೆಸಿ, ಯಾಕಂದ್ರೆ ಕೋರ್ಟು ಜಿಪಿಎ ಓದುವಾಗ ಬರೆದಿದ್ದಕ್ಕಿಂತ ಒಂದು ಹೆಜ್ಜೆನೂ ಆಚೆ ಹೋಗಲ್ಲ. ಮಾರೋ ಅಧಿಕಾರ ಸೇರಿಸ್ಬೇಡಿ ಅನ್ನೋದು ನನ್ನ ಅಭಿಪ್ರಾಯ. ನಿಮ್ಮ ಮೇಲೆ ಅನುಮಾನ ಪಟ್ಟು ಹೇಳ್ತಿಲ್ಲ, ನಾಳೆ ತಂಗಿಗೋ ಅಣ್ಣನಿಗೋ ನಿಮ್ಮ ಮೇಲೆ ಅನುಮಾನ ಬರ್ಬಾರ್ದು ಅಂತ. ನೀವು, ನಿಮ್ಮ ತಂಗಿ ಇಬ್ಬರ ಹೆಸರಲ್ಲೂ, 'ಇಬ್ಬರೂ ಸೇರಿ ಅಥವಾ ಯಾರೊಬ್ಬರಾದರೂ' ಅಂತ ಮಾಡಿಸಬಹುದು. ಬರೀ ನೋಟರಿ ಮುಂದೆ ಮಾಡಿಸಿ ಬಿಡಬೇಡಿ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿ. ಖರ್ಚಿನ ಲೆಕ್ಕ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ, ಲೆಕ್ಕ ಕೊಡೋದು ಪವರ್ ತಗೊಂಡವರ ಕರ್ತವ್ಯ ಅಂತ ಕಾಂಟ್ರಾಕ್ಟ್ ಆ್ಯಕ್ಟಲ್ಲೇ ಇದೆ. ಇನ್ನೊಂದು, ಜಿಪಿಎ ಹಿಡ್ಕೊಂಡು ಅಪ್ಪನ ಪರವಾಗಿ ವಿಲ್ ಬರೆಯೋಕಾಗಲ್ಲ, ಅದನ್ನ ಅವರೇ ಮಾಡ್ಬೇಕು.

ಮುಂದೆ ಅವರಿಗೆ ಏನೂ ಅರ್ಥ ಆಗದ ಸ್ಥಿತಿ ಬಂದಾಗ ಜಿಪಿಎ ಇಟ್ಕೊಂಡು ದೊಡ್ಡ ವ್ಯವಹಾರ ಮಾಡ್ಬೇಡಿ. ಇರೋದನ್ನ ಕಾಪಾಡೋ ಮಟ್ಟಿಗೆ, ಅಂದ್ರೆ ಕಂದಾಯ, ಕರೆಂಟ್ ಬಿಲ್, ತೋಟದ ಕೂಲಿ ಇಂಥದ್ದಕ್ಕೆ ಕಾಂಟ್ರಾಕ್ಟ್ ಆ್ಯಕ್ಟಿನ 209ನೇ ಸೆಕ್ಷನ್ ನಿಮಗೆ ಆಸರೆ ಕೊಡುತ್ತೆ. ಆಸ್ತಿ ಮಾರಲೇಬೇಕಾದ ಪರಿಸ್ಥಿತಿ ಬಂದ್ರೆ ಕೋರ್ಟಿಗೆ ಹೋಗಿ ಗಾರ್ಡಿಯನ್ ಆಗಿ ನೇಮಕ ಮಾಡಿಸ್ಕೊಳ್ಬೇಕು, ಕೋಮಾದಲ್ಲಿರೋರ, ಪೂರ್ತಿ ಅರಿವು ತಪ್ಪಿದವರ ಮನೆಯವರಿಗೆ ಹೈಕೋರ್ಟುಗಳು ಆ ಥರ ಆದೇಶ ಕೊಟ್ಟಿವೆ. ಆದ್ರೆ ಡಾಕ್ಟರ್ ರಿಪೋರ್ಟು, ಎಲ್ಲಾ ಮಕ್ಕಳ ಒಪ್ಪಿಗೆ, ತಿಂಗಳುಗಟ್ಟಲೆ ಓಡಾಟ. ಆಸ್ಪತ್ರೆ ಬಿಲ್ಲು ಅಲ್ಲೀವರೆಗೆ ಕಾಯಲ್ಲ.

ಅದಕ್ಕೆ ಬ್ಯಾಂಕಿಂದು ಬೇರೆ ದಾರಿ ಮಾಡ್ಕೊಳ್ಳಿ. ಪೆನ್ಷನ್ ಅಕೌಂಟ್ ಬಿಟ್ಟು ಇನ್ನೊಂದು ಅಕೌಂಟನ್ನ ಅಪ್ಪ ಮತ್ತು ನಿಮ್ಮ ಹೆಸರಲ್ಲಿ ಐದರ್ ಆರ್ ಸರ್ವೈವರ್ (ಇಬ್ಬರಲ್ಲಿ ಯಾರೊಬ್ಬರಾದ್ರೂ ನಡೆಸಬಹುದಾದ್ದು) ಅಂತ ಮಾಡಿಸಿ, ಅವರ ಒಂದೆರಡು ವರ್ಷದ ಖರ್ಚಿಗೆ ಆಗೋವಷ್ಟು ದುಡ್ಡು ಅದರಲ್ಲಿರಲಿ, ಅದಕ್ಕೆ ಜಿಪಿಎ ಬೇಕಾಗಲ್ಲ. ಎಫ್‌ಡಿ ಜಾಯಿಂಟ್ ಇದ್ರೂ ಅವಧಿಗೆ ಮೊದಲೇ ಒಡೆಸೋಕೆ ಇಬ್ಬರ ಸೈನೂ ಕೇಳೋದುಂಟು, ಈಗಲೇ ಬ್ಯಾಂಕಲ್ಲಿ ಕೇಳಿ ಅದಕ್ಕೆ ಒಪ್ಪಿಗೆ ಪತ್ರ ಕೊಟ್ಟಿಡಿ. ಕೈ ನಡುಗಿ ಸೈನ್ ಹಾಕೋಕಾಗ್ತಿಲ್ಲ ಅಂದ್ರೆ ಹೆಬ್ಬೆಟ್ಟು ತಗೊಳ್ಳೋಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ, ಇಬ್ಬರು ಸಾಕ್ಷಿ ಬೇಕು, ಅದರಲ್ಲಿ ಒಬ್ಬರು ಬ್ಯಾಂಕಿನ ಅಧಿಕಾರಿ. 2025ರ ನವೆಂಬರ್‌ನಿಂದ ಒಂದು ಅಕೌಂಟಿಗೆ ನಾಲ್ಕು ಜನರವರೆಗೆ ನಾಮಿನಿ ಹಾಕಬಹುದು, ಮೂರೂ ಮಕ್ಕಳ ಹೆಸರು ಹಾಕಿ, ಆದ್ರೆ ನಾಮಿನಿ ಅಂದ್ರೆ ದುಡ್ಡು ಪಡ್ಕೊಂಡು ವಾರಸುದಾರರಿಗೆ ಹಂಚಬೇಕಾದವರು, ಅವರೇ ಯಜಮಾನರಲ್ಲ, ಅದನ್ನ ಮೂರು ಜನಕ್ಕೂ ಮೊದಲೇ ಹೇಳಿ.

ಗಿಫ್ಟ್ ಡೀಡ್, ಅಂದ್ರೆ ದಾನಪತ್ರ, ಕಾನೂನಿನ ಪ್ರಕಾರ ಗಟ್ಟಿ ಕಾಗದ. ಕರ್ನಾಟಕದಲ್ಲಿ ಮಕ್ಕಳಿಗೆ ಕೊಡೋ ದಾನಕ್ಕೆ ಸ್ಟ್ಯಾಂಪ್ ಡ್ಯೂಟಿ ಕೆಲವೇ ಸಾವಿರದಲ್ಲಿ ಮುಗಿಯುತ್ತೆ, ಹಾಗಾಗಿ ಎಲ್ಲರೂ ಅದಕ್ಕೇ ಓಡ್ತಾರೆ. ಆದ್ರೆ ರಿಜಿಸ್ಟರ್ ಆದ ದಿನವೇ ನಿಮ್ಮ ತಂದೆಯವರು ತಾವು ಕಟ್ಟಿಸಿದ ಮನೇಲಿ ಮಕ್ಕಳ ಆಸರೆಗೆ ಬಿದ್ದೋರಾಗ್ತಾರೆ, ಮನಸ್ಸು ಬದಲಾಯ್ತು ಅಂತ ವಾಪಸ್ ತಗೊಳ್ಳೋಕಾಗಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡ್ಕೊಳ್ತೀನಿ ಅನ್ನೋ ಷರತ್ತಿನ ಮೇಲೆ ಬರೆಸ್ಕೊಂಡು ನೋಡ್ಕೊಳ್ಳದೆ ಹೋದ್ರೆ ಉಪವಿಭಾಗಾಧಿಕಾರಿ ಹತ್ರ ಹೋಗಿ ರದ್ದು ಮಾಡಿಸಬಹುದು, ಆದ್ರೆ ಆ ಷರತ್ತು ಪತ್ರದಲ್ಲಿ ಇರ್ಲಿಲ್ಲ ಅಂತ ಸೋತವರನ್ನ ನೋಡಿದೀನಿ. ಮರೆವಿನ ಕಾಯಿಲೆ ಇರೋರು ತಾವೇ ಹೋಗಿ ಅರ್ಜಿ ಕೊಡೋದು ಎಲ್ಲಿಂದ. ನಿಮ್ಮ ತಂಗಿ ಗಂಡ ಒಳ್ಳೇ ಮನಸ್ಸಿಂದಲೇ ಹೇಳಿರಬಹುದು, ಆದ್ರೂ ಇದು ನಿಮ್ಮ ಮನೆಗೆ ಬೇಡ.

ಆಸ್ಪತ್ರೆ ವಿಷಯಕ್ಕೆ ಜಿಪಿಎ ಬರಲ್ಲ. ಕೊನೇ ಹಂತದಲ್ಲಿ ಯಂತ್ರಗಳ ಮೇಲೆ ಇಡೋದು ಬೇಕೋ ಬೇಡ್ವೋ ಅನ್ನೋದಕ್ಕೆ ಲಿವಿಂಗ್ ವಿಲ್ ಅಂತ ಬೇರೆ ಕಾಗದ ಇದೆ, 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿ, 2023ರಲ್ಲಿ ಸುಲಭ ಮಾಡ್ತು, ಇಬ್ಬರು ಸಾಕ್ಷಿ ಮತ್ತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು. ಅಪ್ಪನಿಗೆ ಆ ಬಗ್ಗೆ ಮಾತಾಡೋ ಮನಸ್ಸಿದ್ರೆ ಅದನ್ನೂ ಅದೇ ಸಮಯಕ್ಕೆ ಮುಗಿಸಿ.

ಇನ್ನು ಬಾಯಿ ಬರ್ತಿಲ್ಲ ಅಂದ್ರಲ್ಲ. ವಿಲ್ ಅನ್ನೋ ಪದದಿಂದ ಶುರು ಮಾಡ್ಬೇಡಿ. ಸೈಟಿನ ಕಾಗದ ತೆಗೆದು ಅವರ ಮುಂದಿಟ್ಟು 'ಅಪ್ಪಾ, ಇದನ್ನ ಹೇಗೆ ತಗೊಂಡ್ರಿ' ಅಂತ ಕೇಳಿ. ಮೇಷ್ಟ್ರ ಸಂಬಳದಲ್ಲಿ ಸೈಟು ತಗೊಂಡವರು, ಹೇಳೋಕೆ ಅವರಿಗೂ ಬೇಕಾದಷ್ಟು ಇರುತ್ತೆ, ಯಾರಿಗೆ ಏನು ಅಂತ ಅವರ ಮನಸ್ಸಲ್ಲಿ ಆಗಲೇ ಇದ್ದಿರಲೂಬಹುದು. ನಿಮ್ಮ ಅಣ್ಣನನ್ನೂ ವಿಡಿಯೋ ಕಾಲಲ್ಲಿ ಕೂರಿಸಿ, ತಂಗಿನೂ ಇರಲಿ. ಆಮೇಲೆ ವಕೀಲರ ಹತ್ರ ಅಪ್ಪ ಒಬ್ಬರೇ ಮಾತಾಡೋಕೆ ಬಿಡಿ, ನೀವು ಹೊರಗೆ ಕೂತ್ಕೊಳ್ಳಿ. ಅವರು ಆಫೀಸಿಗೆ ಬರೋ ಸ್ಥಿತಿಯಲ್ಲಿ ಇಲ್ಲ ಅಂದ್ರೆ ಅರ್ಜಿ ಕೊಟ್ಟು ಶುಲ್ಕ ಕಟ್ಟಿದ್ರೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದು ರಿಜಿಸ್ಟರ್ ಮಾಡೋಕೆ ಕಾನೂನಲ್ಲಿ ಅವಕಾಶ ಇದೆ. ಹೊತ್ತು ಮಾತ್ರ ನೋಡ್ಕೊಳ್ಳಿ, ಬೆಳಗ್ಗೆ ಚೆನ್ನಾಗಿರ್ತಾರೆ ಅಂತ ಬರೆದಿದ್ದೀರಿ, ಹನ್ನೊಂದು ಗಂಟೆ ಒಳಗೇ ಆಗೋ ಹಂಗೆ ಮಾಡಿ, ಪೇಪರ್ ಓದಿ ಕಾಫಿ ಕುಡಿದು ಕೂತಿರ್ತಾರಲ್ಲ, ಆ ಹೊತ್ತಿಗೆ.